ನೀಲವ್ವ ವೈನಿಗೆ, ಆಪರೇಷನ್ನಿಗೆ ಮುಂಚೆ

ಮಾನ್ಮತ್ ಜಂಕ್ಷನ್,
ಮಾರ್ಚ್ ೯, ೨೦೨೫

ಪ್ರೀತಿಯ ನೀಲವ್ವ ವೈನಿಗೆ ಶಶಿಧರನ ಶರಣು ಶರಣಾರ್ಥಿ.

ಸಂಕ್ರಾಂತಿಗೆ ಬರೆಯಬೇಕಿದ್ದ ಕಾಗದವನ್ನು ಶಿವರಾತ್ರಿ ದಾಟಿದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡಿ. ಫೋನಿನಲ್ಲಿ ಹೇಳಿದರೆ ನೀವು ಅಳುತ್ತೀರಿ, ನಾನೂ ಅಳುತ್ತೇನೆ, ವಿಷಯ ಅಲ್ಲೇ ನಿಲ್ಲುತ್ತದೆ.

ನನ್ನ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬುಡದಲ್ಲೇ ಉಬ್ಬಿದೆ. ನೋವೇನಿಲ್ಲ, ದಿನಾ ಆಫೀಸಿಗೆ ಹೋಗುತ್ತಿದ್ದೇನೆ. ಆದರೆ ಹಾಗೇ ಬಿಟ್ಟರೆ ಒಂದು ದಿನ ಹರಿಯಬಹುದಂತೆ. ಏಪ್ರಿಲ್‌ನಲ್ಲಿ ಆಪರೇಷನ್. ಯಾವ ಆಪರೇಷನ್ ಎಂದು ನಾನೇ ಆರಿಸಬೇಕು! ಈ ಪರದೇಶದ ಡಾಕ್ಟರು ಸೀರೆ ಅಂಗಡಿಯವರ ಹಾಗೆ ಒಂದೊಂದೇ ಬಿಚ್ಚಿ ತೋರಿಸಿ ಸುಮ್ಮನೆ ಕೂರುತ್ತಾರೆ.

ಉಬ್ಬಿದ ನಾಳದ ಜೊತೆ ಅಲ್ಲಿಯ ಕವಾಟವನ್ನೂ ತೆಗೆದು ಲೋಹದ್ದನ್ನು ಕೂಡಿಸಬಹುದು. ಅದು ಸಾಯುವ ತನಕ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆಯನ್ನೂ ಸಾಯುವ ತನಕ ನುಂಗಬೇಕು. ಸೊಪ್ಪು ಹೆಚ್ಚಾದರೆ ಆ ಮಾತ್ರೆ ಕೆಲಸ ಮಾಡದು, ಮೆಂತ್ಯದ ಪಲ್ಯ ಕೂಡ ಹಿಡಿತದಲ್ಲಿ ತಿನ್ನಬೇಕಂತೆ. ದನದ ಅಂಗಾಂಶದ ಕವಾಟವಾದರೆ ಆ ಕಾಟವಿಲ್ಲ, ಆದರೆ ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ. "ತತ್ತಿ ಹಾಕಿದ ಕೇಕ್ ಮುಟ್ಟೂದಿಲ್ಲ, ಎದಿಯೊಳಗ ದನದ್ದು ಇಟ್ಕೋತೀರೇನ್ರಿ?" ಎಂದು ನನ್ನ ಹೆಂಡತಿ ಮಂಜರಿ ನಕ್ಕಳು. ನಗುತ್ತಲೇ ಅತ್ತಳು.

ನನ್ನ ಕವಾಟ ಇನ್ನೂ ಗಟ್ಟಿಯಾಗಿದೆ. ಅದನ್ನು ಉಳಿಸಿಕೊಂಡು, ಉಬ್ಬಿದ ನಾಳವನ್ನಷ್ಟೇ ತೆಗೆದು ಬಟ್ಟೆಯ ಕೊಳವೆ ಹೊಲಿಯುವ ದಾರಿಯೂ ಇದೆ. ಅದಕ್ಕೆ ಪಳಗಿದ ಕೈ ಬೇಕು, ಮುಂದೆ ಕವಾಟ ಸೋರಲೂಬಹುದು, ಆಗುತ್ತದೋ ಇಲ್ಲವೋ ಎಂಬುದು ಎದೆ ತೆರೆದ ಮೇಲೇ ಖಚಿತ. ಆದರೂ ನನ್ನ ಮನಸ್ಸು ಇದಕ್ಕೇ ವಾಲಿದೆ. ಆಗದಿದ್ದರೆ ಲೋಹದ್ದೇ ಹಾಕಿ ಎಂದಿದ್ದೇನೆ. ಹೆದರಿಕೆಯಾಗಿದೆ ವೈನಿ, ನಿಮ್ಮ ಹತ್ತಿರ ಸುಳ್ಳೇಕೆ?

ಇದು ಮನೆತನದಲ್ಲಿ ಹರಿದು ಬರುವ ರೋಗವಂತೆ. ನಿಮ್ಮ ಮಗ ವೀರೇಂದ್ರನಿಗೆ ಈ ವಾರವೇ ಹುಬ್ಬಳ್ಳಿಯಲ್ಲಿ ಹೃದಯದ ಎಕೋ ಪರೀಕ್ಷೆ ಮಾಡಿಸಿ. "ನನಗೇನಾಗೇತಿ ಬಿಡು ಯವ್ವಾ" ಅನ್ನುತ್ತಾನೆ. ಕಿವಿ ಹಿಂಡಿ ಕರೆದೊಯ್ಯಿರಿ.

ನಿಮ್ಮ ಆಶೀರ್ವಾದವೊಂದಿದ್ದರೆ ಗೆದ್ದು ಬರುತ್ತೇನೆ.

ನಿಮ್ಮ ಮೈದುನ,
ಶಶಿಧರ

ತಾ.ಕ.: ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದಾರೆಯೇ ಎಂದು ಡಾಕ್ಟರು ಕೇಳಿದರು. ಅಣ್ಣನ ವಿಷಯ ಹೇಳಿದೆ. ಮದುವೆಯಾದ ವರ್ಷವೇ, ವೀರೇಂದ್ರ ನಿಮ್ಮ ಹೊಟ್ಟೆಯಲ್ಲಿದ್ದಾಗ, ಎದೆ ಬೆನ್ನು ಸೀಳುತ್ತಿದೆ ಎಂದು ಕೂಗುತ್ತಲೇ ಹೋದದ್ದು. ಬಹುಶಃ ಇದೇ ನಾಳ ಹರಿದಿರಬೇಕು, ಹುಟ್ಟಿನಿಂದಲೇ ಅದು ಬಲಹೀನ ಎಂದರು. ಹುಟ್ಟಿನಿಂದ, ವೈನಿ. ನೀವು ನಮ್ಮ ಹೊಸ್ತಿಲು ತುಳಿಯುವುದಕ್ಕಿಂತ ಎಷ್ಟೋ ವರ್ಷ ಮೊದಲಿನಿಂದ. ನಿಮ್ಮ ಕಾಲ್ಗುಣವೆಂದು ಅವ್ವ ಅಂದಳು, ನೀವೂ ಅದನ್ನೇ ನಂಬಿ ಇಂದಿನವರೆಗೂ ಒಂದು ಮದುವೆಮನೆಗೂ ಕಾಲಿಡಲಿಲ್ಲ. ದೀಪಾವಳಿ ಕಳೆದ ಮೇಲೆ ನನ್ನ ಮಗಳು ರಕ್ಷಾಳ ಮದುವೆ. ಆ ಹೊತ್ತಿಗೆ ನಾನಿದ್ದರೂ ಇಲ್ಲದಿದ್ದರೂ, ಅವಳ ತಲೆಯ ಮೇಲೆ ಮೊದಲ ಅಕ್ಕಿಕಾಳು ನಿಮ್ಮ ಕೈಯಿಂದಲೇ ಬೀಳಬೇಕು.