ಆಟದೊಳಗಿನ ಕುಂಕುಮ

ನಿಂಬರ್ಗಾ

ಮೈತ್ರೇಯಿ ಮೇಡಮ್ ಅವರಿಗೆ ನಮಸ್ಕಾರ.

ನೀವು ತಯಾರಿಸಿ ಕಳಿಸಿದ ಮೊಬೈಲ್ ಆಟವನ್ನು ನಮ್ಮೂರ ಹೆಣ್ಣುಮಕ್ಕಳಿಂದ ಆಡಿಸಿ ನೋಡಿದೆ. ನಾಯಕಿಗೆ ಪೆಟ್ಟು ಬಿದ್ದರೆ ಹಣೆಯ ಕುಂಕುಮ ಮಾಸುತ್ತದೆ, ಗೆದ್ದರೆ ತುಂಬುತ್ತದೆ. ಜೀವ ಎಷ್ಟು ಉಳಿದಿದೆ ಎಂದು ತೋರಿಸುವ ಉಪಾಯ ಚೆಂದವೇ, ಆದರೆ ಇಲ್ಲಿ ನಡೆಯಲಿಲ್ಲ. ಕುಂಕುಮ ಮಾಸತೊಡಗಿದ ಕೂಡಲೇ ಮುತ್ತೈದೆಯರೆಲ್ಲ ಫೋನ್ ಕೆಳಗಿಟ್ಟರು. "ನನ್ನ ಗಂಡ ಹೊಲದಾಗ ಗಟ್ಟಿಮುಟ್ಟ ಅದಾನ. ನೀ ಇಲ್ಲಿ ಕುಂಕುಮ ಅಳಸಾಕತ್ತಿಯೇನ್ಲೇ ಪರಮ್ಯಾ?" ಎಂದು ಪಕ್ಕದ ಮನೆಯ ವಿಜಯಶ್ರೀ ನನ್ನನ್ನೇ ಬೈದಳು.

ಬಿಡದೆ ಆಡಿದವಳು ನಮ್ಮಕ್ಕ ಕಾಶಿಬಾಯಿ ಒಬ್ಬಳೇ. ಭಾವ ತೀರಿಕೊಂಡ ಮೇಲೆ ಆಕೆಯದು ಬರಿ ಹಣೆ.

"ಗೆದ್ರ ತಿರುಗಿ ಬರ್ತದೇನೋ ತಮ್ಮಾ?" ಎಂದು ಕೇಳಿದಳು.

"ಬರ್ತದ ಬೇ ಅಕ್ಕಾ" ಎಂದೆ.

ಈಗ ಆಕೆಯನ್ನು ಸೋಲಿಸುವವರು ಆಳಂದ ತಾಲೂಕಿನಲ್ಲೇ ಸಿಗಲಿಕ್ಕಿಲ್ಲ.

ಆದ್ದರಿಂದ ಕುಂಕುಮ ತೆಗೆದು ಜೋಳದ ತೆನೆ ಹಾಕಿರಿ. ಕಾಳು ಉದುರಿದರೆ ಯಾರೂ ಹೆದರುವುದಿಲ್ಲ, ಆಟ ಮನೆಮನೆಗೂ ಹೋಗುತ್ತದೆ. ಅಕ್ಕನ ಫೋನಿನಲ್ಲಿ ಮಾತ್ರ ಹಳೆಯ ಆಟವೇ ಉಳಿಯುವಂತೆ ಮಾಡಿಕೊಡಿರಿ. ನಿಮ್ಮ ಆಫೀಸಿನಲ್ಲಿ ಯಾರಾದರೂ ಕಾರಣ ಕೇಳಿದರೆ, ಆ ಫೋನು ಹೊಸ ಆಟವನ್ನು ತಾಳಿಕೊಳ್ಳುವುದಿಲ್ಲ ಎಂದು ಹೇಳಿಬಿಡಿರಿ.

ಇಂತಿ ನಿಮ್ಮ
ಪರಮೇಶ, ಮೊಬೈಲ್ ಅಂಗಡಿ