ಹೊಗಿ ಬಣ್ಣ

೧೭ ನವೆಂಬರ್ ೨೦೨೪, ರವಿವಾರ. ಬೆಟಗೇರಿ.

ನಿದ್ದಿ ಬರವಲ್ದು. ತಂಗಿ ಕಲ್ಪನಾ ಕುಬಸಕ್ಕ ಬಂದಾಳ, ಏಳು ತಿಂಗಳ ಬಸರಿ. ಕೋಳಿ ತಿನ್ನೋ ಬಯಕಿ ಆಗೇತಿ ಅಂದ್ಲು. ನಾನು ಮಾಡಿಸಿದ ಹೊಗಿ ಡ್ರಮ್ಮಿನ್ಯಾಗ ಕಟಗಿ ಪುಡಿ ಒತ್ತಿ ಮಾಡಿದ ಪೆಲೆಟ್ ಗುಳಿಗಿ ಉರಿಸಿ, ಇಡೀ ಕೋಳಿ ಮೂರು ತಾಸು ಹೊಗ್ಯಾಗ ಬೇಯಾಕ ಇಟ್ಟೆ. ನಡುವ ಎರಡು ಸಲ ಬೆಂಕಿ ಆರಿತ್ತು. ಯಾರಿಗೂ ಹೇಳಲಿಲ್ಲ.

ಕೊಯ್ದಾಗ ತೊಡಿ ಎಲುಬಿನ ಹತ್ರ ಕೆಂಪಗಿತ್ತು. ಅವ್ವ, "ಇನ್ನೂ ಹಸೀದು ಐತಿ, ತಾ, ಸಾರಿಗೆ ಹಾಕಿ ಕುದಸ್ತೀನಿ" ಅಂದ್ಲು.

"ಅದು ಹೊಗಿ ಬಣ್ಣ ಬೇ, ಹೊಗ್ಯಾಗ ಇಟ್ಟ ಮಾಂಸ ಬೆಂದರೂ ಕೆಂಪಗೇ ಇರತೈತಿ, ನಿನಗ ತಿಳಿಯಂಗಿಲ್ಲ" ಅಂತ ಸಿಟ್ಟಿಗೆದ್ದೆ. ಎಲ್ಲಾರ ಮುಂದ ಕಾವು ನೋಡೋ ಕಡ್ಡಿ ಚುಚ್ಚಿ, "ಬೆಂದೈತಿ" ಅಂದೆ. ಅದರ ಸೆಲ್ಲು ಮುಂಜಾನೇನೇ ಸತ್ತಿತ್ತು.

ಖರೇನ ಹೊಗಿ ಬಣ್ಣ ಇದ್ದರೂ ಇರಬಹುದು. ಗೊತ್ತಿಲ್ಲ. ಗೊತ್ತಿಲ್ಲ ಅಂತ ಅನ್ನಾಕ ನನಗೇನು ಧಾಡಿ ಆಗಿತ್ತು?

ಅವ್ವ ತನ್ನ ತುಂಡು ಬೆಕ್ಕಿಗೆ ಹಾಕಿದ್ಲು. ಕಲ್ಪನಾ ತೊಡಿ ಪೂರಾ ತಿಂದು ಎಲುಬು ಚೀಪಿದ್ಲು.

ಮಲಗೋ ಮುಂದ "ಹೊಟ್ಟಿ ಹೆಂಗೈತಿ?" ಅಂತ ಮೂರು ಸಲ ಕೇಳಿದೆ. ನಕ್ಕಳು. "ನೀ ಕಡ್ಡಿ ಚುಚ್ಚಿ ನೋಡಿದ್ಯಲ್ಲ ಅಣ್ಣಾ, ನನಗ್ಯಾಕ ಅಂಜಿಕಿ?"

ಈಗ ಹೊಸ ಸೆಲ್ಲು ಹಾಕಿ ಕುಂತೀನಿ. ಚುಚ್ಚಾಕ ಒಂದು ತುಂಡೂ ಉಳಿದಿಲ್ಲ.

ಅಕಿ ಖೋಲ್ಯಾಗ ದೀಪ ಹತ್ತಿತು.