ಸಭಾಂಗಣ ಕೊಟ್ಟಿದ್ದೇನೆ

ಮಾನ್ಯ ಕಮಿಷನರ್ ಸಾಹೇಬರಿಗೆ,

‘ಇಲಾಖೆ ತನ್ನವರನ್ನು ಕೈಬಿಡುವುದಿಲ್ಲ’ ಎಂದಿರೋ, ‘ಮರೆಯುವುದಿಲ್ಲ’ ಎಂದಿರೋ? ಆಸ್ಪತ್ರೆಯಲ್ಲಿ ನನ್ನ ಗಂಡನ ಮಂಚದ ಪಕ್ಕ ನಿಂತು ನೀವು ಆಡಿದ ಮಾತು ಸರಿಯಾಗಿ ನೆನಪಿಲ್ಲ. ಎರಡೂ ನಿಜವಾಗಲಿಲ್ಲ. ಕರ್ತವ್ಯದಲ್ಲಿ ಕಾಲು ಕಳೆದುಕೊಂಡ ಹೆಡ್ ಕಾನ್‌ಸ್ಟೆಬಲ್‌ಗೆ ರಜೆ ಮಂಜೂರು ಮಾಡದೆ ಸಂಬಳ ತಡೆದಿರಿ.

ಈಗ ಪೊಲೀಸ್ ನೇಮಕಾತಿ ಶಿಬಿರಕ್ಕೆ ನಮ್ಮ ಕಾಲೇಜಿನ ಸಭಾಂಗಣ ಕೇಳಿದ್ದೀರಿ. ಸಂತೋಷದಿಂದ ಕೊಟ್ಟಿದ್ದೇನೆ. ಸಂಬಳ, ಸವಲತ್ತುಗಳ ಬಗ್ಗೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿಗೆ ವೇದಿಕೆಯಲ್ಲಿ ನನ್ನವರೇ ಉತ್ತರಿಸುತ್ತಾರೆ. ದಯವಿಟ್ಟು ಪಕ್ಕದ ಕುರ್ಚಿಯಲ್ಲಿ ನೀವೇ ಕೂರಬೇಕು. ಸಂಬಳ ತಡೆದ ನಿಮ್ಮ ಆದೇಶದ ಪ್ರತಿಯನ್ನು ಎಲ್ಲರಿಗೂ ಹಂಚುತ್ತೇನೆ. ಅಷ್ಟರಲ್ಲಿ ಅದನ್ನು ರದ್ದು ಮಾಡಿದರೂ ಹಂಚುತ್ತೇನೆ.

ಇತಿ,
ಪ್ರಾಂಶುಪಾಲೆ

ತಾ.ಕ.: ಪಕ್ಕದ ಮನೆಯಾಕೆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದಳು: “ಅಕ್ಕಾ, ಕಾಲು ಹೋಗಿದ್ದಕ್ಕೆ ನನ್ನ ಮಗಳು ಹೆದರಲಿಲ್ಲ. ಆಮೇಲೆ ಸಂಬಳಾನೂ ನಿಲ್ಲಿಸಿದ್ರಲ್ಲ, ಅದನ್ನ ಕೇಳಿ ಪೊಲೀಸ್ ಅರ್ಜಿ ಹರಿದುಹಾಕಿದ್ಲು.”